ದೈತ್ಯನಿಗೆ ವರ್ಗವಾಯಿತು

ನನ್ನ ಗೆಳೆಯ ತೀರಿಕೊಂಡ ಮರುದಿನ ನಮ್ಮ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬಂತು. "ಮಕ್ಕಳಿಗೆಲ್ಲ ಕ್ಯಾಸೆಟ್ ಮಾವ ಎಂದೇ ಪರಿಚಿತರಾಗಿದ್ದ ಅವರು ಒಂದು ಕಾಲದಲ್ಲಿ ಮನೆಮನೆಗೂ ಸಂಪೂರ್ಣ ಸಿನಿಮಾಗಳನ್ನು ತಲುಪಿಸಿದವರು." ಕರಡು ನನ್ನ ಮೇಜಿಗೇ ಬಂದಿತ್ತು. ಕರಡು ತಿದ್ದುವುದೇ ನನ್ನ ಜೀವಮಾನದ ಕೆಲಸ. ನಿವೃತ್ತಿಯಾದ ಮೇಲೂ ವಾರಕ್ಕೆ ಮೂರು ದಿನ ಹೋಗಿ ಕೂರುತ್ತೇನೆ. 'ಸಂಪೂರ್ಣ' ಎಂಬ ಪದದ ಮೇಲೆ ಪೆನ್ಸಿಲ್ ಇಟ್ಟೆ. ಹೊಡೆದುಹಾಕುವುದೇ ನ್ಯಾಯವಾಗಿತ್ತು. ಹೊಡೆಯಲಿಲ್ಲ. ಅವನಿದ್ದಿದ್ದರೆ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಆಮೇಲೆ ಕೆಮ್ಮುತ್ತಿದ್ದ.

ಅವನದು ಹತ್ತಡಿ ಅಗಲದ ಅಂಗಡಿ. ಎಡಕ್ಕೆ ಔಷಧಿ ಅಂಗಡಿ, ಬಲಕ್ಕೆ ಸೈಕಲ್ ರಿಪೇರಿ. ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ಬಾಡಿಗೆ ಸಿನಿಮಾಗಳ ಕ್ಯಾಸೆಟ್‌ಗಳು, ಮಧ್ಯೆ ಒಂದು ಟಿವಿ, ಅದರ ಮುಂದೆ ಮಕ್ಕಳು ಕೂರುವ ಮರದ ಬೆಂಚು. ಊರಿನಲ್ಲಿ ಇಂಥ ಅಂಗಡಿ ಇನ್ನೆರಡಿದ್ದವು. ಜನ ಇವನಲ್ಲಿಗೇ ಬರುತ್ತಿದ್ದುದು ಚೀಟಿಗಳಿಗಾಗಿ. ಗಂಡ ಹೆಂಡತಿ ಇಬ್ಬರೂ ಕೂತು ಪ್ರತಿ ಸಿನಿಮಾವನ್ನು ಮೊದಲು ತಾವು ನೋಡುತ್ತಿದ್ದರು. ಆಮೇಲೆ ಹೆಂಡತಿ ತನ್ನ ಗುಂಡಗಿನ ಅಕ್ಷರದಲ್ಲಿ ಒಂದು ಚೀಟಿ ಬರೆದು ಡಬ್ಬಿಯೊಳಗೆ ಇಡುತ್ತಿದ್ದಳು. "ಹೆದರಿಕೆ: ಒಂದು ಕಡೆ, ಚಿಕ್ಕದು." "ನಾಯಿ ಬದುಕುತ್ತದೆ." "ಹೆಂಗಸರಿಗೆ ಹಿಡಿಸುತ್ತದೆ, ಗಂಡಸರು ನಿದ್ದೆ ಹೋಗುತ್ತಾರೆ." ಡಬ್ಬಿಯ ಮೇಲಿನ ಚಿತ್ರವನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ಮುಚ್ಚಳ ತೆಗೆದು ಮೊದಲು ಚೀಟಿ ಓದುತ್ತಿದ್ದರು.

ಅವಳು ಬರೆದ ಕೊನೆಯ ಚೀಟಿಗಳಲ್ಲಿ ಒಂದು, ಮೋಡ ಕಾಯುವ ದೈತ್ಯನ ಸಿನಿಮಾದ್ದು. ದೊಡ್ಡವರೂ ಚಿಕ್ಕವರೂ ಒಟ್ಟಿಗೆ ನೋಡಬಹುದಾದ ಅದ್ಭುತ ಕಥೆ. ಕುರಿಗಾಹಿ ಕುರಿ ಕಾಯುವಂತೆ ಆಕಾಶದಲ್ಲಿ ಮೋಡ ಕಾಯುವ ಒಬ್ಬ ದೈತ್ಯ. ಅವನ ಮೈಯೂ ಮೋಡದ್ದೇ. ದಾರಿ ತಪ್ಪಿದ ಹುಡುಗಿಯೊಬ್ಬಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ಬಿಡಲು ಹೊರಡುತ್ತಾನೆ. ಊರು ಕಾಣುವಷ್ಟರಲ್ಲಿ ಊರಿಗೇ ಬೆಂಕಿ ಬಿದ್ದಿರುತ್ತದೆ. ದೈತ್ಯ ಹುಡುಗಿಯನ್ನು ಬಂಡೆಯ ಮೇಲೆ ಇಳಿಸಿ, ಅವಳ ತಲೆ ಸವರಿ, ಊರಿನ ಮೇಲೆ ಅಡ್ಡ ಮಲಗಿ ತನ್ನನ್ನೇ ಮಳೆಯಾಗಿ ಸುರಿಸಿಕೊಳ್ಳುತ್ತಾನೆ. ಸುರಿದಷ್ಟೂ ಚಿಕ್ಕವನಾಗುತ್ತ ಹೋಗಿ, ಕೊನೆಗೆ ಹುಡುಗಿಯ ಬೊಗಸೆಯಲ್ಲಿ ಒಂದು ಹಿಡಿ ಮಂಜು ಉಳಿಯುತ್ತದೆ. ಅದೂ ಆರಿಹೋಗುತ್ತದೆ. ಬೆಳಗಾದಾಗ ಊರಿನವರು ನೀರು ನಿಂತ ಬೀದಿಗಳಲ್ಲಿ ಕುಣಿಯುತ್ತಾರೆ. ಆಕೆ ಬರೆದ ಚೀಟಿ ಹೀಗಿತ್ತು: "ಅಳು: ಕೊನೆಗೆ, ಜೋರಾಗಿ. ಜೊತೆಗೆ ಕೂತು ನೋಡಿ."

ಆ ಕ್ಯಾಸೆಟ್ ಯಾರ ಮನೆಗೂ ಹೋಗುವ ಮೊದಲೇ ಅವಳು ಹಾಸಿಗೆ ಹಿಡಿದಳು. ಎರಡು ತಿಂಗಳಿಗೆ ಅವಳೇ ಹೋದಳು. ಮಗಳಿಗೆ ಆಗ ಆರು ವರ್ಷ. ಕಾಯಿಲೆ ಕೈಮೀರಿದ ದಿನ ಇವನು ಮಗಳನ್ನು ಪಕ್ಕದೂರಿನ ಚಿಕ್ಕಮ್ಮನ ಮನೆಗೆ ಕಳಿಸಿಬಿಟ್ಟ. ಎರಡು ವಾರ ಬಿಟ್ಟು ಅವಳು ವಾಪಸ್ ಬಂದಾಗ ಮಂಚ ಮಡಚಿಟ್ಟಿತ್ತು, ಅಮ್ಮನ ಬಟ್ಟೆಗಳಿರಲಿಲ್ಲ, ಔಷಧಿ ಬಾಟಲಿಗಳ ಜಾಗದಲ್ಲಿ ಒಂದು ಹೂದಾನಿ ಬಂದಿತ್ತು. "ಅಮ್ಮ ಇನ್ನು ಬರಲ್ಲ ಪುಟ್ಟಿ" ಎಂದಷ್ಟೇ ಹೇಳಿದ. ಅವಳು ಏನೂ ಕೇಳಲಿಲ್ಲ. ಕೇಳದಿದ್ದದ್ದಕ್ಕೆ ಇವನಿಗೆ ದೊಡ್ಡ ಸಮಾಧಾನ.

ಆ ಮುಂದಿನ ವಾರವೇ ಹುಡುಗಿ ಬೆಂಚಿನ ಮೇಲೆ ಕೂತು ದೈತ್ಯನ ಸಿನಿಮಾ ಬೇಕು ಎಂದು ಹಟ ಹಿಡಿದಳು. ಇವನ ಜೀವ ಬಾಯಿಗೆ ಬಂತು. ಒಂದು ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ನನ್ನನ್ನು ಕರೆಸಿದ. ಒಂದು ಯಂತ್ರದಲ್ಲಿ ಓಡಿಸುವುದು, ಇನ್ನೊಂದರಲ್ಲಿ ನಕಲು ತೆಗೆಯುವುದು.

"ಅವನು ಹುಡುಗೀನ ಕೆಳಗೆ ಇಳಿಸೋ ಮುಂಚೆ ನಕಲು ನಿಲ್ಲಿಸೋ ಗುಂಡಿ ಒತ್ತು. ಕುಣಿಯೋದು ಶುರುವಾದಾಗ ಬಿಡು."

"ನೀನೇ ಒತ್ತೋ. ನಿನ್ನ ಯಂತ್ರ, ನಿನ್ನ ಅಂಗಡಿ."

"ಒತ್ತಬೇಕು ಅಂದ್ರೆ ನೋಡಬೇಕಲ್ಲೋ" ಎಂದು ಗೋಡೆಯ ಕಡೆ ತಿರುಗಿ ನಿಂತ.

ನಾನು ಒತ್ತಿದೆ. ಗೋಡೆ ಗಡಿಯಾರದಲ್ಲಿ ಒಂಬತ್ತು ನಿಮಿಷ. ಸದ್ದು ಪೂರ್ತಿ ಇಳಿಸಿ ಆ ಒಂಬತ್ತು ನಿಮಿಷವನ್ನು ನಾನೊಬ್ಬನೇ ನೋಡಿದೆ.

ನಕಲು ಮಗಳಿಗೆಂದೇ ಮಾಡಿದ್ದು. ಆದರೆ ಅವಳು ನೋಡುತ್ತಿದ್ದುದು ಅಂಗಡಿಯಲ್ಲಿ, ಅಂಗಡಿಗೆ ಗಿರಾಕಿಗಳು ಬರುತ್ತಿದ್ದರು. ಯಾರೋ ಕೇಳಿದರು, ಇವನು ಕೊಟ್ಟ. ಮಕ್ಕಳು ಅಳದೆ ಮಲಗಿದರು ಎಂದು ತಾಯಂದಿರು ಮೆಚ್ಚಿಕೊಂಡರು. ಅಲ್ಲಿಗೆ ಮೂಲ ಕ್ಯಾಸೆಟ್ ಕಬ್ಬಿಣದ ಪೆಟ್ಟಿಗೆ ಸೇರಿತು, ಅಲ್ಲೇ ಬೂಷ್ಟು ಹಿಡಿಯಿತು. ಆ ಸಿನಿಮಾ ನಮ್ಮೂರ ಟಾಕೀಸಿಗೆ ಬಂದದ್ದೇ ಇಲ್ಲ. ಹಕ್ಕಿನ ಏನೋ ತಕರಾರಿನಿಂದ ಟಿವಿಯಲ್ಲೂ ಬರಲಿಲ್ಲ. ಇನ್ನೆರಡು ಅಂಗಡಿಯವರು ಅದನ್ನು ತರಿಸಿರಲೇ ಇಲ್ಲ. ಹೀಗಾಗಿ ಇಡೀ ಊರಿಗೆ ಇದ್ದದ್ದು ನಾವಿಬ್ಬರು ಮಾಡಿದ ಸಿನಿಮಾ. ಡಬ್ಬಿಯಲ್ಲಿ ಹೊಸ ಚೀಟಿ ಇವನ ಅಕ್ಷರದಲ್ಲಿ: "ಅಳು ಇಲ್ಲ."

ಮಕ್ಕಳೇನು ದಡ್ಡರೇ? ಕೇಳುತ್ತಿದ್ದರು.

"ಮಾವ, ದೈತ್ಯ ಎಲ್ಲಿ ಹೋದ?"

"ಅವನಾ? ವರ್ಗ ಆಯ್ತು. ಬೇರೆ ಊರಲ್ಲಿ ಮೋಡ ಕಾಯೋರು ಯಾರೂ ಇರಲಿಲ್ಲ, ಆರ್ಡರ್ ಬಂತು, ಹೊರಟ."

"ಹೇಳದೇನೇ ಹೋದ್ನಾ?"

"ಅರ್ಜೆಂಟ್ ಆರ್ಡರ್ ಕಣೋ."

ಒಂದು ತಲೆಮಾರು ಅದನ್ನು ನಂಬಿ ಬೆಳೆಯಿತು. ಆಟದ ಮೈದಾನದಲ್ಲಿ ಕಬಡ್ಡಿಯಲ್ಲಿ ಔಟಾದವನಿಗೂ "ನಿಂಗೆ ವರ್ಗ ಆಯ್ತು, ಹೋಗೋಲೇ" ಎನ್ನುತ್ತಿದ್ದರು.

ಇನ್ನೊಂದು ಸಂಗತಿ. ಹೊಗೆ ಕಂಡ ಕ್ಷಣದಿಂದ ನೇರ ಕುಣಿತಕ್ಕೆ ಜಿಗಿಯುವ ಜಾಗದಲ್ಲಿ ಆ ಟೇಪು ಬೇಗ ಸವೆಯಿತು. ಚಿತ್ರದ ಮೇಲೆ ಬಿಳಿ ಗೆರೆಗಳು ಬಂದವು. ಇವನು ಅದನ್ನು ನನಗೆ ಹೆಮ್ಮೆಯಿಂದ ತೋರಿಸುತ್ತಿದ್ದ. "ನೋಡೋ, ಖುಷಿ ಇರೋ ಜಾಗಾನೇ ಮಕ್ಕಳು ತಿರುಗಿಸಿ ತಿರುಗಿಸಿ ನೋಡೋದು. ನಾವು ಮಾಡಿದ್ದು ಸರಿ ಅಂತ ಟೇಪೇ ಹೇಳ್ತಿದೆ." ನಾನೂ ತಲೆಯಾಡಿಸಿದೆ. ಸಾವಿರಾರು ಪುಟ ಓದಿದವನು ನಾನು. ಆ ಗೆರೆಗಳನ್ನು ಓದಲು ನನಗೂ ಬರಲಿಲ್ಲ.

ಕಾಲ ಸರಿಯಿತು. ಕ್ಯಾಸೆಟ್‌ಗಳನ್ನು ಕೇಳುವವರಿಲ್ಲದೆ ಅವನು ಅಂಗಡಿಯಲ್ಲಿ ಜೆರಾಕ್ಸ್ ಯಂತ್ರ ತಂದಿಟ್ಟ. "ಈಗ ನೋಡು ನನ್ನ ಹಣೆಬರಹ, ಒಂದಕ್ಷರ ಬಿಟ್ಟು ನಕಲು ತೆಗೆದ್ರೂ ಜನ ಜಗಳಕ್ಕೆ ಬರ್ತಾರೆ" ಎನ್ನುತ್ತಿದ್ದ. ಮಗಳು ಓದಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸಕ್ಕೆ ಸೇರಿದಳು. ಮದುವೆಯಾದಳು, ಎರಡು ಬೀದಿ ಆಚೆಯೇ ಮನೆ ಮಾಡಿದಳು. ಅವಳ ಮಗಳಿಗೂ ಆರು ತುಂಬಿತು. ಆ ವರ್ಷವೇ ದೈತ್ಯನ ಸಿನಿಮಾದ ಡಿಸ್ಕ್ ಬಂದದ್ದು.

ಸುದ್ದಿ ತಂದವನು ನಾನೇ. ಜಾಹೀರಾತಿನ ಕರಡು ನನ್ನ ಮೇಜಿಗೆ ಬಂದಿತ್ತು. "ತಲೆಮಾರುಗಳು ಮೆಚ್ಚಿದ ಚಿತ್ರ, ಈಗ ನಿಮ್ಮ ಮನೆಯಲ್ಲಿ. ಒಂದು ನಿಮಿಷವೂ ಕತ್ತರಿಸದ ಸಂಪೂರ್ಣ ಆವೃತ್ತಿ." ಓದಿ ಹೇಳಿದೆ. ಅವನು ಜೆರಾಕ್ಸ್ ಯಂತ್ರದ ಮುಚ್ಚಳ ಹಾಕಿ ಅದರ ಮೇಲೆ ಎರಡೂ ಕೈ ಊರಿ ನಿಂತ.

"ಪುಟ್ಟಿ ಕೊಂಡ್ಕೋತಾಳೆ."

"ಕೊಂಡ್ಕೊಂಡ್ರೆ ಕೊಂಡ್ಕೊಳ್ಳಲಿ. ಈಗ ಅವಳು ಆರು ವರ್ಷದ ಕೂಸಾ?"

"ಆ ಒಂಬತ್ತು ನಿಮಿಷ ಎಲ್ಲಿ ಅಂತ ಕೇಳ್ತಾಳೆ. ಅದಾದ್ಮೇಲೆ ಆ ಎರಡು ವಾರ ಎಲ್ಲಿ ಅಂತ ಕೇಳ್ತಾಳೆ. ಏನು ಹೇಳ್ಲಿ? ಅವಳಮ್ಮನಿಗೂ ವರ್ಗ ಆಯ್ತು ಅನ್ಲಾ?"

ಅಷ್ಟು ವರ್ಷದಲ್ಲಿ ಅವನು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಡಿಸ್ಕ್ ಮಾರುವವಳು ನಮ್ಮ ಬೀದಿಯವಳೇ, ಚಿಕ್ಕಂದಿನಲ್ಲಿ ಇವನ ಬೆಂಚಿನ ಮೇಲೆ ಕೂತು ಬೆಳೆದವಳು. ಪರೀಕ್ಷೆಗೆಂದು ನಾಲ್ಕೇ ನಾಲ್ಕು ತರಿಸಿದ್ದಳು. ಇವನು ಬೆಳಿಗ್ಗೆ ಅವಳು ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಾಲ್ಕನ್ನೂ ಕೊಂಡು ತಂದ. ಯುದ್ಧ ಗೆದ್ದವನ ಮುಖ. ಆಕೆಗೆ ಒಂದೇ ಗಂಟೆಯಲ್ಲಿ ಮಾಲು ಖಾಲಿಯಾದದ್ದು ಹಿಂದೆ ಯಾವತ್ತೂ ಕಂಡಿರಲಿಲ್ಲ. ತಕ್ಷಣ ನಲವತ್ತು ತರಿಸಿದಳು. ಕಿಟಕಿಗೆ ಆಳೆತ್ತರದ ಪೋಸ್ಟರ್ ಅಂಟಿಸಿದಳು: "ಬಂದ ದಿನವೇ ಖಾಲಿ! ಮತ್ತೆ ಬಂದಿದೆ!" ಅದನ್ನು ನೋಡಿ, ಸಿನಿಮಾ ಮರೆತೇ ಹೋಗಿದ್ದವರೂ ನುಗ್ಗಿದರು. ಊರಿಗೆ ಆ ಡಿಸ್ಕ್ ಹಂಚಿದ ಪುಣ್ಯ ನನ್ನ ಗೆಳೆಯನದೇ.

ಎರಡೇ ದಿನದಲ್ಲಿ ಗಲಾಟೆ ಶುರು. ಮೊದಲು ಬಂದವನು ದರ್ಜಿ.

"ಏನ್ ಮಾವ ಇದು, ದೈತ್ಯನ್ನ ಸಾಯಿಸಿಬಿಟ್ಟಿದ್ದಾರೆ!"

"ಯಾರು?" ಎಂದ ಇವನು, ತಲೆ ಎತ್ತದೆ ಕಾಗದ ಜೋಡಿಸುತ್ತ.

"ಕಂಪನಿಯೋರು. ಅಳು ಇಲ್ದೆ ಈಗ ವ್ಯಾಪಾರ ಆಗಲ್ಲ ಅಂತ ಹೊಸದಾಗಿ ಸೇರಿಸಿದ್ದಾರೆ. ಕಂಪ್ಯೂಟರಲ್ಲಿ ಮಾಡಿದ್ದು ಅಂತ ನೋಡಿದ್ರೇನೇ ಗೊತ್ತಾಗತ್ತೆ. ನಮ್ ಕಾಲದ ಸಿನಿಮಾನ ಹಿಂಗೆ ಹಾಳು ಮಾಡೋದಾ?"

"ಛೆ" ಎಂದ ಇವನು.

ಡಿಸ್ಕ್‌ಗಳು ಒಂದೊಂದಾಗಿ ವಾಪಸ್ ಬಂದವು: ದೋಷವಿದೆ, ಒಂಬತ್ತು ನಿಮಿಷ ಜಾಸ್ತಿ ಇದೆ. ಶಾಲೆಯ ಹೆಡ್‌ಮೇಡಂ ಕಂಪನಿಗೆ ಎರಡು ಪುಟದ ಪತ್ರ ಬರೆದರು. ಮೂಲ ಚಿತ್ರದಲ್ಲಿ ದೈತ್ಯನಿಗೆ ವರ್ಗವಾಗುತ್ತದೆ, ಇದನ್ನು ಊರಿಗೆ ಊರೇ ಸಾಕ್ಷಿ ಹೇಳುತ್ತದೆ, ಮಕ್ಕಳ ಮನಸ್ಸಿನ ಮೇಲೆ ಇಂಥ ಸುಳ್ಳು ಹೇರುವುದು ಅಕ್ಷಮ್ಯ, ಇತ್ಯಾದಿ. ಕಳಿಸುವ ಮೊದಲು ತಪ್ಪು ತಿದ್ದಿಕೊಡಿ ಎಂದು ನನ್ನ ಹತ್ತಿರ ತಂದರು. ಮೂರು ಕಾಗುಣಿತ ತಿದ್ದಿದೆ. ಉಳಿದದ್ದರ ಬಗ್ಗೆ ಬಾಯಿಗೆ ಬೀಗ ಹಾಕಿಕೊಂಡೆ. ಒಂದು ತಿಂಗಳ ಮೇಲೆ ಕಂಪನಿಯಿಂದ ಬಹಳ ವಿನಯದ ಉತ್ತರ ಬಂತು: ನಾವು ಮೂಲ ರೀಲನ್ನು ಇನ್ನೊಮ್ಮೆ ಪರೀಕ್ಷಿಸಿದ್ದೇವೆ, ದೈತ್ಯ ಮೊದಲಿನಿಂದಲೂ ಸಾಯುತ್ತಿದ್ದಾನೆ. ಹೆಡ್‌ಮೇಡಂ ಇವತ್ತಿಗೂ ಅದನ್ನು ನಂಬಿಲ್ಲ.

ಆದರೆ ಅಷ್ಟರೊಳಗೆ, ಗಲಾಟೆಯ ಮೂರನೆಯ ದಿನವೇ, ಮಗಳು ಅಂಗಡಿಗೆ ಬಂದಳು. ಆಸ್ಪತ್ರೆಯ ಬಿಳಿ ಕೋಟು ಕೈಮೇಲೆ ಮಡಚಿಕೊಂಡಿದ್ದಳು. ಊರ ಬಾಯಲ್ಲಿ ಓಡಾಡುತ್ತಿದ್ದ ಮಾತೆಲ್ಲ ಅವಳ ಕಿವಿಗೂ ಬಿದ್ದಿತ್ತು ಎಂಬುದು ಮುಖದಲ್ಲೇ ಇತ್ತು.

"ಅಪ್ಪಾ, ನಿನ್ನ ಹತ್ರ ನಾಲ್ಕಿದೆಯಂತೆ. ಒಂದು ಕೊಡು. ಭಾನುವಾರ ಮಧ್ಯಾಹ್ನ ಊಟಕ್ಕೆ ಬಾ. ಮೂರು ಜನ ಒಟ್ಟಿಗೆ ನೋಡೋಣ." ನನ್ನ ಕಡೆ ತಿರುಗಿ, "ನೀವೂ ಬನ್ನಿ ಮಾಮ. ನೀವಿಲ್ದೆ ಆಗುತ್ತಾ?" ಎಂದಳು. ಅಂದು ಗುಂಡಿ ಒತ್ತಿದ ಕೈ ಯಾರದೆಂದು ಅವಳಿಗೆ ಗೊತ್ತಿತ್ತೇನೋ.

"ಚೀಟಿ ಬರೆದು ತರ್ತೀನಿ, ಮೊದಲು ನಾನು ನೋಡ್ಬೇಕಲ್ಲ, ಪದ್ಧತಿ" ಎಂದು ಇವನು ಭಾನುವಾರದವರೆಗೆ ಗಡುವು ಗಿಟ್ಟಿಸಿಕೊಂಡ.

ನೋಡಲಿಲ್ಲ. ಅವನು ಮಾಡಿದ್ದು ಬೇರೆ. ಅವನಿಗೆ ಗೊತ್ತಿದ್ದದ್ದು ಟೇಪು. ಎಲ್ಲಿ ಏನಿದೆ ಎಂದು ಬೆರಳಿಗೇ ತಿಳಿಯುತ್ತಿತ್ತು. ಈ ಹೊಳೆಯುವ ಬಿಲ್ಲೆಯಲ್ಲಿ ಒಂಬತ್ತು ನಿಮಿಷ ಯಾವ ಮೂಲೆಯಲ್ಲಿ ಕೂತಿದೆ? ತನ್ನಪ್ಪನ ಗ್ರಾಮಫೋನ್ ತಟ್ಟೆ ನೆನಪಾಯಿತು. ಅದರಲ್ಲಿ ಹಾಡು ಅಂಚಿನಿಂದ ಶುರುವಾಗಿ ನಡುವಿಗೆ ಬಂದು ಮುಗಿಯುತ್ತದೆ. ಕೊನೆ ನಡುವಿನ ಹತ್ತಿರವೇ ಇರಬೇಕೆಂದು ಲೆಕ್ಕ ಹಾಕಿ, ತೂತಿನಿಂದ ಒಂದು ಬೆರಳಗಲ ಬಿಟ್ಟು, ಪಾತ್ರೆ ಉಜ್ಜುವ ಉಕ್ಕಿನ ನಾರಿನಿಂದ ಸುತ್ತಲೂ ನೀಟಾಗಿ ಉಜ್ಜಿದ. ಡಿಸ್ಕ್ ಒಳಗಿನಿಂದ ಹೊರಕ್ಕೆ ಓಡುತ್ತದೆ ಎಂಬುದು ಊರಿನಲ್ಲಿ ಅಷ್ಟು ವರ್ಷ ಸಿನಿಮಾ ಹಂಚಿದವನಿಗೆ ಗೊತ್ತಿರಲಿಲ್ಲ.

ಭಾನುವಾರ ಮಗಳು ಡಿಸ್ಕನ್ನು ಡಬ್ಬಿಯಿಂದ ತೆಗೆದು, ಅಭ್ಯಾಸ ಬಲದಿಂದ, ಎಕ್ಸ್‌ರೇ ಹಾಳೆಯಂತೆ ಕಿಟಕಿಯ ಬೆಳಕಿಗೆ ಹಿಡಿದಳು. ನೋಡಿದಳು. ಯಂತ್ರಕ್ಕೆ ಹಾಕಿದಳು. ದೈತ್ಯನೂ ಹುಡುಗಿಯೂ ಮೊದಲ ಸಲ ಭೇಟಿಯಾಗುವ ಚಂದದ ದೃಶ್ಯ ಚೂರು ಚೂರಾಗಿ, ನಿಂತು, ಜಿಗಿದು ಹೋಯಿತು. ಅಲ್ಲಿಂದ ಮುಂದೆ ಚಿತ್ರ ತೊಳೆದಿಟ್ಟ ಕನ್ನಡಿಯಂತೆ ಓಡಿತು. ನನ್ನ ಗೆಳೆಯ ಕುರ್ಚಿಯ ಕೈ ಹಿಡಿದುಕೊಂಡ.

ಹೆಗಲ ಮೇಲೆ ಹುಡುಗಿ, ದೂರದಲ್ಲಿ ಹೊಗೆ. ಅವನು ಎದ್ದ.

"ಟೀ ಮಾಡ್ತೀನಿ. ನೀವು ನೋಡ್ತಾ ಇರಿ."

ಮೊಮ್ಮಗಳು ರಿಮೋಟ್ ಒತ್ತಿದಳು. ದೈತ್ಯ ಬಂಡೆಯ ಮುಂದೆ ಮಂಡಿಯೂರಿ ಹಾಗೇ ನಿಂತುಬಿಟ್ಟ.

"ಬೇಡ ಅಜ್ಜ, ನೀನು ಬರೋವರೆಗೂ ಕಾಯ್ತೀವಿ."

ಟೇಪಿನ ಕಾಲದಲ್ಲಿ ಯಾರೂ ಇಷ್ಟು ಹೊತ್ತು ನಿಲ್ಲಿಸುತ್ತಿರಲಿಲ್ಲ, ಟೇಪು ಸವೆಯುತ್ತಿತ್ತು. ಈ ಯಂತ್ರಕ್ಕೆ ದಣಿವೇ ಇಲ್ಲ. ಅಡುಗೆಮನೆಯಲ್ಲಿ ನೀರು ಕುದಿಯುವ ಸದ್ದು ಬಂತು, ಕುದಿಯುತ್ತಲೇ ಇತ್ತು. ಮಗಳು ಎದ್ದು ಒಳಗೆ ಹೋದಳು. ಬಾಗಿಲು ತೆರೆದೇ ಇತ್ತು. ಕೇಳಿಸಿಕೊಳ್ಳಬಾರದೆಂದು ನನಗೆ ಅನಿಸಲೂ ಇಲ್ಲ.

"ನಾರು ತೊಳೆದಾದ್ರೂ ಉಜ್ಜಬಾರದಿತ್ತಾ ಅಪ್ಪ, ಡಿಸ್ಕಿನ ಗೆರೆಯಲ್ಲಿ ಸೋಪು ಹಾಗೇ ಇದೆ."

ಒಲೆ ಆರಿಸಿದ ಸದ್ದು ಬಂತು.

"ಆ ಟೇಪು ಅಲ್ಲೇ ಯಾಕೆ ಸವೆದಿತ್ತು ಗೊತ್ತಾ?"

"ಕುಣಿಯೋದು ನೋಡೋಕೆ."

"ಕುಣಿಯೋದನ್ನ ಯಾರು ನೋಡ್ತಾರೆ? ಸಿನಿಮಾದ ಹುಡುಗಿ ಲಂಗ ಒಣಗಿರುತ್ತೆ, ಮರುಕ್ಷಣ ಒದ್ದೆ. ನಾವೆಲ್ಲ ಹಿಂದಕ್ಕೆ ತಿರುಗಿಸಿ ತಿರುಗಿಸಿ ಅವನನ್ನ ಹುಡುಕ್ತಿದ್ವಿ. ಎಲ್ಲೋ ಒಂದು ಕಾಲು, ಒಂದು ಕೈಯಾದ್ರೂ ಕಾಣುತ್ತೇನೋ ಅಂತ. ನಾನು ಮನೇಲೂ ಹಂಗೇ ಹುಡುಕ್ದೆ. ಮಂಚ ಮಡಚಿಟ್ಟಿದ್ಯಲ್ಲ, ಅದರ ಹಿಂದೆ ಕೂಡ."

"ನಿನಗೆ ಆರು ವರ್ಷ ಪುಟ್ಟಿ."

"ಇವಳಿಗೂ ಆರೇ. ನಿನಗೋಸ್ಕರ ದೈತ್ಯನ್ನ ನಿಲ್ಲಿಸ್ಕೊಂಡು ಕೂತಿದ್ದಾಳೆ. ಬಾ."

ಬಂದ. ಟೀ ತರಲಿಲ್ಲ. ಕುರ್ಚಿ ಬಿಟ್ಟು ನೆಲದ ಮೇಲೆ, ಮಗಳು ಮೊಮ್ಮಗಳ ನಡುವೆ ಕೂತ. ಮೊಮ್ಮಗಳು ಮತ್ತೆ ಗುಂಡಿ ಒತ್ತಿದಳು. ಒಂಬತ್ತು ನಿಮಿಷ ನಾನು ಗೋಡೆ ಗಡಿಯಾರ ನೋಡಲಿಲ್ಲ. ಸದ್ದಿನ ಜೊತೆ ನೋಡಿದ್ದು ನನಗೂ ಅದೇ ಮೊದಲು. ದೈತ್ಯ ಏನೋ ಗುನುಗುತ್ತ ಕರಗುತ್ತಾನೆ ಎಂಬುದೇ ನನಗೆ ಗೊತ್ತಿರಲಿಲ್ಲ. ಬೊಗಸೆಯ ಮಂಜು ಆರಿದಾಗ ನನ್ನ ಗೆಳೆಯನ ಭುಜ ಅಲುಗುತ್ತಿತ್ತು. ಮಗಳು ಅವನ ಬೆನ್ನ ಮೇಲೆ ಕೈ ಇಟ್ಟಿದ್ದಳು. ಮೊಮ್ಮಗಳು ಪರದೆಯನ್ನೂ ಅಜ್ಜನನ್ನೂ ಒಂದೊಂದು ಸಲ ನೋಡಿ, "ಅಷ್ಟೇನಾ?" ಎಂದಳು. ಆಮೇಲೆ, "ಅಜ್ಜ, ಅದು ಹತ್ತಿ. ಹತ್ತೀಲಿ ಮಾಡಿರೋದು. ಬಿಸ್ಕತ್ ಕೊಡ್ಲಾ?"

ಅವನು ಕಣ್ಣೊರೆಸಿಕೊಂಡು ಕನ್ನಡಕದ ಪೆಟ್ಟಿಗೆಯಿಂದ ಒಂದು ಹಳೆಯ ಚೀಟಿ ತೆಗೆದು ಮಗಳ ಕೈಗಿಟ್ಟ. ಅವಳಿಗೆ ಅಮ್ಮನ ಅಕ್ಷರ ಗುರುತು ಹಿಡಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಜೊತೆಗೆ ಕೂತು ನೋಡಿ" ಎಂಬುದನ್ನು ಎರಡು ಸಲ ಓದಿದಳು. "ಇದನ್ನ ಇಟ್ಕೊಂಡೇ ಕತ್ತರಿಸಿದ್ಯಾ?" ಎಂದಳು. "ಹೂಂ" ಎಂದ. ಅವಳು ಬೈಯುತ್ತಾಳೆಂದು ನಾನು ಕಾದೆ. ಅವಳು ಚೀಟಿ ಮಡಚಿ ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು. ಮುಂದಿನ ಭಾನುವಾರಗಳಲ್ಲಿ ಅವನು ಆ ಎರಡು ವಾರಗಳ ಕಥೆಯನ್ನು ದಿನ ದಿನವಾಗಿ ಅವಳಿಗೆ ಹೇಳಿದನಂತೆ. ಅಲ್ಲಿಗೆ ನನ್ನನ್ನು ಕರೆಯಲಿಲ್ಲ, ಕರೆಯದಿದ್ದದ್ದೇ ಸರಿ.

ಎರಡು ವರ್ಷ ಕಳೆದು ಅವನ ಶ್ವಾಸಕೋಶ ಕೈಕೊಟ್ಟಿತು. ಮೊದಲ ಎಕ್ಸ್‌ರೇ ತೆಗೆದವಳು ಮಗಳೇ. ಹಾಳೆಯನ್ನು ಬೆಳಕಿಗೆ ಹಿಡಿದು ಅವನಿಗೂ ತೋರಿಸಿದಳು. ಅವಳ ಮನೆಯ ಮುಂಗೋಣೆಯಲ್ಲೇ ಮಂಚ ಹಾಕಿದರು. ಮೊಮ್ಮಗಳು ಔಷಧಿ ಬಾಟಲಿಗಳಿಗೆಲ್ಲ ಚೀಟಿ ಅಂಟಿಸಿದಳು: "ಕಹಿ: ಜಾಸ್ತಿ. ಆಮೇಲೆ ಸಕ್ಕರೆ ಇದೆ." ವೈದ್ಯರು ಇನ್ನು ಕೆಲವು ದಿನ ಎಂದಾಗ ಅವನು ಮಗಳನ್ನು ಕರೆದು, ಹಳೆಯ ಚಾಳಿ, "ಕೂಸನ್ನ ನಿನ್ನ ಚಿಕ್ಕಮ್ಮನ ಮನೆಗೆ…" ಎಂದು ಶುರುಮಾಡಿದ. ಮಗಳು ತಿರುಗಿ ನೋಡಿದಳು. "ಆಯ್ತು ಬಿಡು, ಇರಲಿ. ಏನೋ ಬಾಯಿಗೆ ಬಂತು" ಎಂದ.

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವನು ಹೋದ. ಉಸಿರಾಟಕ್ಕೆ ಬಹಳ ಕಷ್ಟಪಟ್ಟ, ಆಮೇಲೆ ಕಷ್ಟ ಕಡಿಮೆಯಾಯಿತು, ಆಮೇಲೆ ನಿಂತಿತು. ಮಗಳು ಒಂದು ಕೈ ಹಿಡಿದಿದ್ದಳು, ನಾನು ಕಾಲ ಬಳಿ ಇದ್ದೆ, ಮೊಮ್ಮಗಳು ಅವನ ಪಕ್ಕದಲ್ಲಿ ಮಂಚದ ಮೇಲೆ ಕೂತಿದ್ದಳು. ಅವಳು ಅತ್ತಳು, ಜೋರಾಗಿ. ಆಮೇಲೆ ಅವನ ಕನ್ನಡಕ ತೆಗೆದು, ಒರೆಸಿ, ಪೆಟ್ಟಿಗೆಯಲ್ಲಿಟ್ಟಳು.

ಮಧ್ಯಾಹ್ನ ಜನ ಬರತೊಡಗಿದರು. ಔಷಧಿ ಅಂಗಡಿಯವನ ಹೆಂಡತಿ ಹುಡುಗಿಯನ್ನು ಬಾಗಿಲ ಹೊರಗೆ ಕರೆದುಕೊಂಡು ಹೋಗಿ, ತಲೆ ಸವರಿ, ದನಿ ತಗ್ಗಿಸಿ ಹೇಳಿದಳು: "ಅಜ್ಜ ದೂರದ ಊರಿಗೆ ಹೋಗಿದ್ದಾರೆ ಕಂದ, ಸ್ವಲ್ಪ ದಿನ ಬಿಟ್ಟು…"

"ಇಲ್ಲ ಆಂಟಿ, ಅಜ್ಜ ಸತ್ತುಹೋದ್ರು. ನಾನು ಪಕ್ಕದಲ್ಲೇ ಇದ್ದೆ."

ಆಕೆಗೆ ತಡೆಯಲಾಗಲಿಲ್ಲ, ಚಿಕ್ಕಂದಿನಲ್ಲಿ ಅವಳೂ ಅದೇ ಬೆಂಚಿನ ಮೇಲೆ ಕೂತವಳು. ಸೆರಗಿನಿಂದ ಮುಖ ಮುಚ್ಚಿಕೊಂಡು ಅಳತೊಡಗಿದಳು. ಹುಡುಗಿ ಒಂದು ಕ್ಷಣ ಯೋಚಿಸಿದಳು. ಆಮೇಲೆ ಆಕೆಯ ಕೈ ತಟ್ಟಿ, "ತುಂಬಾ ಬೇಜಾರಾದ್ರೆ ನೀವು ವರ್ಗ ಆಯ್ತು ಅಂದ್ಕೊಳ್ಳಿ ಆಂಟಿ, ಪರವಾಗಿಲ್ಲ" ಎಂದಳು.